ಉಗುರಿನ ಮಣ್ಣು

ಫೆಬ್ರವರಿ 11, ಮಂಗಳವಾರ

ಸೊಂಟ ಹಿಡಿದುಕೊಂಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದೆ, ಪೆನ್ನು ಹಿಡಿದರೆ ಉರಿಯುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬಾಯಿಬಿಟ್ಟು ಯಾರಿಗೂ ಹೇಳುವಂತಿಲ್ಲ.

ಬೆಳಿಗ್ಗೆ ಹಿತ್ತಿಲು ಗುಡಿಸಿ, ಒಳಗೆ ಬಂದು ಕಾಫಿ ಕುಡಿದು ಮತ್ತೆ ಹೋಗಿ ನೋಡಿದರೆ ಗುಡಿಸಿಯೇ ಇಲ್ಲವೆಂಬಂತೆ ಎಲೆ. ಪಕ್ಕದ ಖಾಲಿ ಸೈಟಿನ ಹೊಂಗೆ ಮರಕ್ಕೆ ಎಲೆ ಉದುರಿಸಲು ನಮ್ಮ ಕಾಂಪೌಂಡೇ ಬೇಕು. ಈ ಕಡೆ ಮಾವು ಹೂವು ಸುರಿಸುತ್ತದೆ. ಅಂಟಂಟು, ಪೊರಕೆಗೆ ಮೆತ್ತಿಕೊಳ್ಳುತ್ತದೆ. ದಾಸವಾಳ ಸವರಬೇಕು, ತೆಂಗಿನ ಬುಡ ಬಿಡಿಸಿ ಪಾತಿ ಮಾಡಬೇಕು, ಬಾಳೆಯ ಒಣಗಿದ ಎಲೆ ಕೊಯ್ಯಬೇಕು, ತರಗು ಒಟ್ಟಬೇಕು. ನಲ್ಲಿ ನೀರು ಬಂದ ದಿನ ಪೈಪು ಹಿಡಿದು ನಿಲ್ಲಬೇಕು, ಬಾರದ ದಿನ ಬಕೆಟ್ಟು ಹೊರಬೇಕು.

ಈ ಹಿತ್ತಿಲು ನನ್ನದಲ್ಲ, ಇವರದು. ಹೊಸಮನೆ ಬಡಾವಣೆಯಲ್ಲಿ ಈ ಮನೆ ಕಟ್ಟಿದಾಗಲೇ ಇವರು ಹೇಳಿದ್ದರು: "ಅಡುಗೆಮನೆ ನಿಂದು, ಹಿತ್ತಿಲು ನಂದು. ನೀನು ಅಲ್ಲಿಗೆ ಬರ್ಬೇಡ, ನಾನು ಇಲ್ಲಿಗೆ ಬರಲ್ಲ." ಪ್ರತಿವರ್ಷ ಸಂಕ್ರಾಂತಿಯಿಂದ ಯುಗಾದಿಯವರೆಗೆ ಬನಿಯನ್ನಿನಲ್ಲಿ ಅಲ್ಲೇ ಇರುತ್ತಿದ್ದರು. ಊಟಕ್ಕೆ ಕೂಗಿ ಕೂಗಿ ನನ್ನ ಗಂಟಲು ಹೋಗುತ್ತಿತ್ತು. ಈ ವರ್ಷ ಗುದ್ದಲಿ ಮುಟ್ಟಿಲ್ಲ. ಸಂಕ್ರಾಂತಿ ಕಳೆದ ಮೇಲೆ ಯಾರದೋ ಗೃಹಪ್ರವೇಶಕ್ಕೆಂದು ಭದ್ರಾವತಿಗೆ ಹೋದವರು ಹೊಟ್ಟೆ ಕೆಟ್ಟಿತೆಂದು ಕೆಲವು ದಿನ ಅಲ್ಲೇ ಗೆಳೆಯ ರಂಗಪ್ಪನ ಮನೆಯಲ್ಲಿ ಉಳಿದರು. ಬಂದ ಮೇಲೆ, "ಈ ಸಲ ನೀನೇ ನೋಡ್ಕೊ ರಾಜೇಶ್ವರಿ, ನಂಗೆ ಸಾಕಾಗಿದೆ" ಅಂದುಬಿಟ್ಟರು.

ಸಾಕಾದವರು ಮನೆಯಲ್ಲಿ ಮಲಗಬೇಕು. ಇವರು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಭದ್ರಾವತಿ ಬಸ್ಸು ಹತ್ತುತ್ತಾರೆ. ರಂಗಪ್ಪನ ಜತೆ ಹರಟೆಯಂತೆ.

ಫೆಬ್ರವರಿ 14, ಶುಕ್ರವಾರ

ಇವತ್ತು ಒಂದು ವಿಷಯ ನೋಡಿದೆ. ಸಂಜೆ ಬಸ್ಸಿಳಿದು ಬಂದರು, ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಟವೆಲು ಕೊಡಲು ಹೋದಾಗ ಉಗುರು ಕಂಡಿತು. ಉಗುರಿನ ಸಂದಿಯಲ್ಲಿ ಮಣ್ಣು. ನುಣ್ಣನೆಯ, ಬೂದುಗಪ್ಪು ಮಣ್ಣು. ನಮ್ಮ ಹಿತ್ತಿಲಿನದು ಕೆಂಪು.

ನಾನು ಇಲ್ಲಿ ಬೆನ್ನು ಮುರಿದುಕೊಂಡು ಇವರ ತೆಂಗಿಗೆ ಪಾತಿ ಮಾಡಬೇಕು, ಇವರು ಅಲ್ಲಿ ಯಾರ ಹಿತ್ತಿಲು ಅಗೆಯುತ್ತಿದ್ದಾರೆ?

ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾರೆ.

ಫೆಬ್ರವರಿ 19, ಬುಧವಾರ

ಅನ್ನ ಸೀದುಹೋಯಿತು. ಒಲೆ ಮೇಲೆ ಇಟ್ಟು ಕುರ್ಚಿಯಲ್ಲಿ ಕೂತವಳಿಗೆ ಅಲ್ಲೇ ನಿದ್ದೆ. ತಲೆ ಬಾಚಲು ತೋಳು ಎತ್ತಲಾಗುವುದಿಲ್ಲ. ನಿನ್ನೆಯಿಡೀ ದಾಸವಾಳದ ಬೇಲಿ ಸವರಿದ್ದು, ಕತ್ತರಿ ಮೊಂಡು. ಕೊಟ್ಟಿಗೆ ಗೊಬ್ಬರ ತಂದವನು ಗೇಟಿನ ಹೊರಗೇ ಸುರಿದು ಹೋಗಿದ್ದ, ಅದನ್ನೂ ಇವತ್ತು ಬುಟ್ಟಿಯಲ್ಲಿ ಹೊತ್ತು ಹಾಕಿದೆ. ಅರ್ಧ ಗೊಬ್ಬರ, ಅರ್ಧ ಮಣ್ಣು. ಎಲ್ಲರೂ ಮೋಸಗಾರರು.

ಇವರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ಬುಡಕ್ಕೆ ತೀರಾ ಹತ್ತಿರ ಹಾಕ್ಬೇಡ, ಸ್ವಲ್ಪ ದೂರಕ್ಕೆ ಹಾಕು" ಅಂತ ಸಲಹೆ ಬೇರೆ.

"ಬಂದು ಒಂದು ಬುಟ್ಟಿ ಹಿಡೀರಿ" ಅಂದೆ.

ಎದ್ದು ಒಳಗೆ ಹೋದರು.

ಇತ್ತೀಚೆಗೆ ಕಂಡದ್ದನ್ನೆಲ್ಲ ಬರೆದಿಡುತ್ತೇನೆ. ಗುಂಡಿ ಹಾಕುವ ಅಂಗಿ ಬಿಟ್ಟರು. ಹುಡುಗರ ಹಾಗೆ ತಲೆಯಿಂದ ಎಳೆದುಕೊಳ್ಳುವ ಟೀ ಶರ್ಟು ತಂದುಕೊಂಡಿದ್ದಾರೆ. ನೀಲಿ ಒಂದು, ಹಳದಿ ಒಂದು. ರಿಟೈರಾದ ಸೊಸೈಟಿ ಮ್ಯಾನೇಜರಿಗೆ ಹಳದಿ ಟೀ ಶರ್ಟು! ಬೈತಲೆ ಬೇರೆ ಪಕ್ಕಕ್ಕೆ ಹೋಗಿದೆ. ಊಟಕ್ಕೆ ಚಮಚ ಬೇಕಂತೆ, ಕೈಯಲ್ಲಿ ಉಂಡರೆ ಕ್ರಿಮಿಯಂತೆ. ಸಣ್ಣ ಮಕ್ಕಳ ಹಾಗೆ ಮುಷ್ಟಿಯಲ್ಲಿ ಚಮಚ ಹಿಡಿದು ಉಣ್ಣುತ್ತಾರೆ. ಹೊಸ ಶೋಕಿ. ಅದೇನೋ ಮಾತ್ರೆ ನುಂಗುತ್ತಾರೆ, ವಿಟಮಿನ್ ಅಂತೆ. ಈ ವಯಸ್ಸಿನಲ್ಲಿ ಯಾರಿಗಾಗಿ ತಾಕತ್ತು? ಫೋನಿನಲ್ಲಿ ಬೆರಳೊತ್ತಿ ಬರೆಯುವುದನ್ನು ಬಿಟ್ಟು, ತಾರಸಿ ಮೇಲೆ ಹೋಗಿ ಮೆಲ್ಲಗೆ ಮಾತಾಡಿ ಕಳಿಸುತ್ತಾರೆ. ಲಿಂಗಪೂಜೆಗೆ ಕೂತರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಬಂದಾಗ ಹಣೆಯ ಮೇಲೆ ವಿಭೂತಿ ಸೊಟ್ಟ. ಶಿವನಿಗೂ ಪುರುಸೊತ್ತಿಲ್ಲ ಇವರಲ್ಲಿ, ಅಷ್ಟು ಅವಸರ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸ ಬೇರೆ, ನಲ್ಲಿ ನೀರು ಬಂದ ದಿನ ಬೇರೆ. ಇವರು ಮಲ್ಲಿಗೆಗೆ ನೀರು ಹಾಕಿದೆಯಾ, ಕನಕಾಂಬರಕ್ಕೆ ಹಾಕಿದೆಯಾ ಅಂತ ಕಿಟಕಿಯಿಂದ ಕೇಳುತ್ತಲೇ ಇದ್ದರು. ಗಿಡಗಳ ಮೇಲೆ ಇವರಿಗಿರುವ ಪ್ರೀತಿ ನನ್ನ ಸೊಂಟದ ಮೇಲೂ ಇದ್ದಿದ್ದರೆ!

ಸಿಟ್ಟಿಗೆ ಪೈಪನ್ನು ಅಲ್ಲೇ ಎಸೆದು ಬಂದೆ. ಆಮೇಲೆ ತಡೆಯಲಾರದೆ ಹೋಗಿ ನೋಡಿದೆ. ಸವರಿದ ದಾಸವಾಳದ ಕಡ್ಡಿಯಲ್ಲಿ ಅಲ್ಲಲ್ಲಿ ಕೆಂಪಗೆ ಚಿಗುರು ಚುಚ್ಚಿಕೊಂಡು ಬಂದಿದೆ. ಪರವಾಗಿಲ್ಲ, ಸತ್ತಿಲ್ಲ. ಕತ್ತರಿ ಸಾಣೆ ಹಿಡಿಸಬೇಕು.

ಎದುರುಮನೆಯ ಸಂಧ್ಯಾ ಕಾಂಪೌಂಡಿನ ಆಚೆಯಿಂದ, "ಏನ್ ಆಂಟಿ, ಅಂಕಲ್ ಭದ್ರಾವತೀಲಿ ಏನಾದ್ರೂ ಕೆಲಸಕ್ಕೆ ಸೇರಿದಾರಾ? ಬಸ್‌ಸ್ಟ್ಯಾಂಡಲ್ಲಿ ನೋಡ್ತಿರ್ತೀನಿ" ಅಂದಳು. ನಕ್ಕು ಕೇಳಿದಳು. ಆ ನಗು ನನಗೆ ಗೊತ್ತು.

ಮಾರ್ಚ್ 4, ಮಂಗಳವಾರ



ಇವರು ಎಂದಿನಂತೆ ಹೊರಟರು. ನಾನು ಅಲಸಂದೆ ಬೀಜ ತರಲು ಗಾಂಧಿ ಬಜಾರಿಗೆ ಹೋದೆ. ಬೀಜದಂಗಡಿಯ ಮುಂದೆ ಯಾರು ನಿಂತಿದ್ದರು? ರಂಗಪ್ಪ! ಇವರು ಭದ್ರಾವತಿಯ ಸೊಸೈಟಿಯಲ್ಲಿದ್ದಾಗಿನ ಗೆಳೆಯ, ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರಾದವರು. ಇವರು ಯಾರ ಮನೆಗೆ ಹರಟೆಗೆ ಹೋಗಿದ್ದಾರೋ ಅದೇ ರಂಗಪ್ಪ.

"ಓಹೋ, ರಾಜೇಶ್ವರಮ್ಮೋರು! ಆರೋಗ್ಯನಾ?" ಅಂದರು.

"ನಿಮ್ಮ ಗೆಳೆಯರು ನಿಮ್ಮನೇಗೇ ಬಂದಿದಾರಲ್ಲ. ನೀವಿಲ್ಲಿ?"

ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಹೌದಾ? ಹಾಂ... ಬಂದಿರ್ಬೋದು. ನಾನು ಬೆಳಿಗ್ಗೇನೇ ಹೊರಟ್ನಲ್ಲ."

"ಹೋದ ಶುಕ್ರವಾರ ಸಿಕ್ಕಿದ್ರಾ?"

"ಶುಕ್ರವಾರ... ಶುಕ್ರವಾರ ನಾನು ಊರಲ್ಲೇ ಇರ್ಲಿಲ್ಲ ಕಣಮ್ಮಾ. ಅಯ್ಯೋ, ಬಸ್ಸಿಗೆ ಹೊತ್ತಾಯ್ತು, ಬರ್ತೀನಿ."

ಆ ಮನುಷ್ಯ ಓಡಿದರು. ಕಾಲುನೋವಿನ ರಂಗಪ್ಪ ಓಡಿದ್ದನ್ನು ನಾನು ಇವತ್ತೇ ನೋಡಿದ್ದು.

ಸಂಜೆ ಇವರಿಗೆ ಕಾಫಿ ಕೊಡುತ್ತ, ಏನೂ ಅರಿಯದವಳಂತೆ ಕೇಳಿದೆ. "ರಂಗಪ್ಪ ಹೇಗಿದಾರೆ?"

"ಚೆನ್ನಾಗಿದಾನೆ. ಊಟ ಮಾಡ್ದೇ ಬಿಡ್ಲೇ ಇಲ್ಲ."

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಣ್ಣಿಗೆ ಕಣ್ಣು ಕೊಡದೆ ಕುಡಿದರು. ಮದುವೆಯಾಗಿ ಮಗಳಿಗೂ ಮದುವೆ ಮಾಡಿದ ಮೇಲೆ ಈ ಗಂಡಸು ನನಗೆ ಸುಳ್ಳು ಹೇಳಿದ್ದು ಇದೇ ಮೊದಲೋ, ನನಗೆ ಗೊತ್ತಾಗಿದ್ದು ಇದೇ ಮೊದಲೋ.

ಮಾರ್ಚ್ 5, ಬುಧವಾರ

ಇಡೀ ದಿನ ಅಗೆದೆ. ಹಿಂದಿನ ಮೂಲೆಯ ಗಟ್ಟಿ ನೆಲ, ಇವರೂ ಎಂದೂ ಮುಟ್ಟದ ಜಾಗ. ಅಲ್ಲಿ ಅಲಸಂದೆ ಹಾಕುತ್ತೇನೆ. ಗುದ್ದಲಿ ಎತ್ತಿದಾಗೆಲ್ಲ ಒಂದೊಂದು ಮಾತು ಮನಸ್ಸಿನಲ್ಲೇ ಹೇಳಿಕೊಂಡೆ. ಅವನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 12, ಬುಧವಾರ

ಚಿತ್ರದುರ್ಗದಿಂದ ರಶ್ಮಿ ಫೋನು. "ಅಮ್ಮಾ, ನಿನ್ ದನಿ ಯಾಕೋ ಸುಸ್ತಾಗಿದೆ. ಯಾರನ್ನಾದ್ರೂ ಕೆಲಸಕ್ಕೆ ಇಟ್ಕೊಳೆ. ಹೂವಿನ ಗಿಡಕ್ಕೋಸ್ಕರ ಯಾರಾದ್ರೂ ಸಾಯ್ತಾರಾ?"

ಮಗಳ ಹತ್ತಿರ ಹೇಳಿಬಿಡೋಣ ಅನ್ನಿಸಿತು. ಹೇಗೆ ಹೇಳುವುದು? ನಿಮ್ಮಪ್ಪ ಹಳದಿ ಟೀ ಶರ್ಟು ಹಾಕಿಕೊಂಡು ವಾರಕ್ಕೆರಡು ಸಲ ಕಾಣೆಯಾಗುತ್ತಾರೆ ಅಂತಲೇ?

"ಕೆಲಸದವರು ಬಂದ್ರೆ ಅಲಸಂದೆ ಸಸಿ ಯಾವ್ದು, ಕಳೆ ಯಾವ್ದು ಅಂತ ನೋಡ್ದೆ ಎಲ್ಲ ಕಿತ್ತು ಬಿಸಾಕ್ತಾರೆ" ಅಂದೆ. ಅದೂ ನಿಜವೇ. ಸಸಿಗಳು ಮೇಲೆದ್ದಿವೆ, ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೇ ಹೋಗಿ ನೋಡುತ್ತೇನೆ. ರಾತ್ರಿ ಯಾವುದೋ ಹುಳ ಎಲೆ ತಿಂದಿರುತ್ತದೆ. ಯಾವುದೆಂದು ಇನ್ನೂ ತಿಳಿದಿಲ್ಲ. ಹಿಡಿಯದೆ ಬಿಡುವುದಿಲ್ಲ.

ಮಂಡಿ ನೋವು. ಆದರೆ ನಿದ್ದೆ ಮಾತ್ರ ಕಲ್ಲು ಬಿದ್ದ ಹಾಗೆ ಬರುತ್ತಿದೆ.

ಮಾರ್ಚ್ 17, ಸೋಮವಾರ

ಹೆಸರು ಸಿಕ್ಕಿತು.

ಇವರು ಸ್ನಾನಕ್ಕೆ ಹೋದಾಗ ಫೋನು ಟೇಬಲ್ಲಿನ ಮೇಲಿತ್ತು. ಸದ್ದಾಯಿತು. ತೆಗೆಯಬಾರದಿತ್ತು, ತೆಗೆದೆ. ಹೆಂಗಸಿನ ದನಿ. "ಸಾರ್, ನಾನು ಶೇಷಮ್ಮ. ನಾಳೆ ಸ್ವಲ್ಪ ಬೇಗ ಬನ್ನಿ. ಹೋದ ಸಲದ ಹಾಗೆ ಮಧ್ಯದಲ್ಲೇ ಎದ್ದು ಹೋಗ್ಬೇಡಿ. ನಿಮ್ಮ ಮನೆಯವ್ರಿಗೆ ಹೇಳಿದ್ರಾ ಇಲ್ವಾ? ಎಷ್ಟು ದಿನ ಹೀಗೆ ಕದ್ದು ಬರ್ತೀರಾ?"

ಕದ್ದು. ಅವಳ ಬಾಯಲ್ಲೇ ಬಂತು.

ಫೋನನ್ನು ಇದ್ದ ಹಾಗೇ ಇಟ್ಟೆ. ಹಿತ್ತಿಲಿಗೆ ಹೋಗಿ ತೆಂಗಿನ ಬುಡದಲ್ಲಿ ಕೂತೆ. ಪೊರಕೆ ಎತ್ತುವಷ್ಟೂ ತ್ರಾಣವಿರಲಿಲ್ಲ. ಇಷ್ಟು ದಿನದ ಆಯಾಸವೆಲ್ಲ ಒಟ್ಟಿಗೆ ಬಂದು ಮೈಮೇಲೆ ಕೂತಂತಾಯಿತು. ಇವರಿಗೆ ಹೇಳಬೇಕಾದ್ದನ್ನೆಲ್ಲ ಅಲ್ಲೇ ಕೂತು ಒಂದೊಂದಾಗಿ ಜೋಡಿಸಿಕೊಂಡೆ. ನಾಳೆ ಹೋಗುತ್ತೇನೆ. ಬ್ಯಾಗಿನಲ್ಲಿ ಎರಡು ಸೀರೆಯನ್ನೂ ಇಟ್ಟುಕೊಂಡಿದ್ದೇನೆ. ಅಲ್ಲಿಂದ ಹಾಗೇ ಚಿತ್ರದುರ್ಗಕ್ಕೆ, ರಶ್ಮಿಯ ಮನೆಗೆ. ಈ ಮನೆ, ಈ ಹೊಂಗೆ ಎಲೆ ಇವರಿಗೇ ಇರಲಿ.

ಮಾರ್ಚ್ 18, ಮಂಗಳವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಇವರು ಹೋದ ಮುಂದಿನ ಬಸ್ಸಿಗೆ ಹೋದೆ. ರಂಗಪ್ಪನ ಮನೆ ನನಗೆ ಗೊತ್ತಿತ್ತು, ಫ್ಯಾಕ್ಟರಿಯ ಹಳೇ ಕ್ವಾರ್ಟರ್ಸಿನ ಹಿಂದಿನ ಬೀದಿ. ರಂಗಪ್ಪನ ಬಾಯಿ ಬಿಡಿಸಿಯೇ ಮುಂದೆ ಹೋಗುವುದೆಂದುಕೊಂಡಿದ್ದೆ. ಬಾಗಿಲು ತೆಗೆದದ್ದು ಅವರ ಸೊಸೆ ಕವನ. ನಮ್ಮನೆಯವರು ಬಂದಿದಾರಾ ಅಂತ ಕೇಳಿದೆ.

"ಷಡಕ್ಷರಪ್ಪ ಅಂಕಲ್ಲಾ? ಅವ್ರು ಶೇಷತ್ತೆ ಮನೇಲಿರ್ತಾರಲ್ಲ ಆಂಟಿ, ಮಂಗಳವಾರ, ಶುಕ್ರವಾರ. ನಮ್ಮ ಮಾವನ ತಂಗಿ. ಅಗೋ, ಆ ಕಾಗದದ ಹೂವಿನ ಗೇಟು" ಅಂತ ಬೆರಳು ತೋರಿಸಿದಳು. ಆ ಹುಡುಗಿ ಎಷ್ಟು ಸಲೀಸಾಗಿ ಹೇಳಿದಳೆಂದರೆ, ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲ ಅನ್ನಿಸಿತು.

ಗೇಟು ತೆರೆದೇ ಇತ್ತು. ಅಂಗಳದಲ್ಲಿ ದೊಡ್ಡ ಹುಣಸೆ ಮರ, ಅದರ ನೆರಳಲ್ಲಿ ಇವರು ಮಣೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಗೋಣಿತಾಟು, ಮುಂದೆ ಬೋಗುಣಿಯಲ್ಲಿ ಕಲಸಿದ ಜೇಡಿಮಣ್ಣು. ಬಲಗೈ ಅದರೊಳಗಿತ್ತು. ನನಗೆ ಓರೆಯಾಗಿ ಕೂತಿದ್ದರಿಂದ ನಾನು ಬಂದದ್ದು ಕಾಣಲಿಲ್ಲ. ಎದುರಿಗೆ ನನಗಿಂತ ದೊಡ್ಡ ವಯಸ್ಸಿನ, ದಪ್ಪ ಕನ್ನಡಕದ ಹೆಂಗಸು ಇವರ ಮಣಿಕಟ್ಟು ಹಿಡಿದು ಗದರುತ್ತಿದ್ದಳು.

"ಹಿಂಡಿ ಸಾರ್. ಗಟ್ಟಿಯಾಗಿ. ನಾಲ್ಕು ಬೆರಳಲ್ಲ, ಹೆಬ್ಬೆರಳು! ಹೆಬ್ಬೆರಳು ಎಲ್ಲಿ ಹೋಯ್ತು?"

"ಆಗ್ತಿಲ್ಲ."

"ಮೊನ್ನೆ ಆಗಿತ್ತು. ಸರಿ, ಬಿಡಿ, ಕೈ ತೊಳ್ಕೊಂಡು ಈ ಲೋಟ ಎತ್ತಿ."

ಸ್ಟೀಲಿನ ಲೋಟ, ಖಾಲಿ. ಇವರು ಎತ್ತಿದರು. ಎದೆಯವರೆಗೂ ಬಂತು. ಆಮೇಲೆ ಬೆರಳುಗಳು ತಮ್ಮಷ್ಟಕ್ಕೇ ಬಿಚ್ಚಿಕೊಂಡವು, ಲೋಟ ಬಿದ್ದು ಉರುಳಿ ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು. ಇವರು ಅದನ್ನು ಹುಡುಕಿ ತಿರುಗಿದರು. ನನ್ನನ್ನು ನೋಡಿದರು.

ಜೋಡಿಸಿಕೊಂಡು ಹೋಗಿದ್ದ ಒಂದು ಮಾತೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ಇದಕ್ಕಾ ನನ್ನ ಕೈಲಿ ಇಡೀ ಹಿತ್ತಿಲು ಅಗೆಸಿದ್ದು?"

ಇವರು ಕೈಯನ್ನು ಗೋಣಿತಾಟಿನ ಕೆಳಗೆ ಮುಚ್ಚಿಟ್ಟುಕೊಂಡರು. ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ.

ಶೇಷಮ್ಮನೇ ಹೇಳಿದಳು. ಗೃಹಪ್ರವೇಶದ ದಿನ ಊಟಕ್ಕೆ ಕೂತಲ್ಲೇ ಇವರ ಕೈಯಿಂದ ತುತ್ತು ಜಾರಿತಂತೆ. ಮಾತು ತೊದಲಿತಂತೆ. ರಂಗಪ್ಪ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರಂತೆ. ಸಣ್ಣ ಲಕ್ವ, ಬೇಗ ಬಂದಿದ್ದರಿಂದ ಮಾತು ಸರಿಹೋಯಿತು, ಕೈ ಉಳಿಯಿತು ಅಂದರಂತೆ ಡಾಕ್ಟರು. ಶೇಷಮ್ಮ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಡಾಕ್ಟರು ಬರೆದುಕೊಟ್ಟ ವ್ಯಾಯಾಮ ಮಾಡಿಸುತ್ತಿದ್ದಾಳೆ. "ಅಂಗಡಿಯ ರಬ್ಬರ್ ಚೆಂಡು ಕೊಟ್ರೆ ಹಿಂಡಲ್ಲ ಅಂದ್ರು ಕಣಮ್ಮ. ಮಣ್ಣು ಕೊಟ್ರೆ ಮಾತ್ರ ಸುಮ್ನೆ ಕೂತ್ಕೋತಾರೆ. ನಿಮ್ಗೆ ಹೇಳಿ ಅಂತ ನಾನೂ, ನಮ್ಮಣ್ಣನೂ ಬೇಡ್ಕೊಂಡಿದೀವಿ. ಹೇಳಿದ್ರೆ ನಾನು ಇಲ್ಲಿಗೆ ಬರೋದೇ ಇಲ್ಲ ಅಂತ ಹೆದರಿಸಿದ್ರು."

"ಯಾಕೆ ಹೇಳ್ಲಿಲ್ಲ?" ಅಂತ ಇವರನ್ನು ಕೇಳಿದೆ.

ಇವರು ನೆಲ ನೋಡುತ್ತ ಅಂದರು, "ನಿಮ್ಮಪ್ಪಂಗೆ ಲಕ್ವ ಹೊಡೆದು ಮಲಗಿದ್ದಾಗ ಅವ್ರಿಗೆ ಉಣ್ಸಿದ್ದು, ಬಳಿದಿದ್ದು ಎಲ್ಲ ನೀನೇ. ಮದುವೆಗೆ ಮುಂಚಿನ ನಿನ್ನ ವಯಸ್ಸೆಲ್ಲ ಅದ್ರಲ್ಲೇ ಹೋಯ್ತು. ಲಕ್ವ ಅನ್ನೋ ಮಾತನ್ನ ನಿನ್ ಮುಂದೆ ಹೇಗೆ ಎತ್ಲಿ ರಾಜೇಶ್ವರಿ? ಕೈ ಸರಿಯಾದ್ಮೇಲೆ ಹೇಳೋಣ ಅಂತಿದ್ದೆ. ಸರಿ ಆಗ್ಲೇ ಇಲ್ಲ."

ಶೇಷಮ್ಮ ಕಾಫಿ ತರುತ್ತೇನೆಂದು ಒಳಗೆ ಹೋದಳು. ನನಗೆ ಅಳು ಬರಲಿಲ್ಲ. ಸಿಟ್ಟೂ ಇಳಿಯಲಿಲ್ಲ. ಇನ್ನೊಬ್ಬಳಿದ್ದಿದ್ದರೆ ಜಗಳವಾಡಿ ಹೊರಟುಹೋಗಬಹುದಿತ್ತು. ಇದರ ಜತೆ ಹೇಗೆ ಜಗಳವಾಡುವುದು?

ವಾಪಸ್ಸು ಒಂದೇ ಬಸ್ಸಿನಲ್ಲಿ ಬಂದೆವು. ಇವರು ಕಿಟಕಿ ಪಕ್ಕ. ಇಳಿಯುವಾಗ ಕಂಬಿಗೆ ಎಡಗೈ ಹಾಕಿ ತಡವರಿಸಿದರು. ಹಿಂದಿನಿಂದ ರಟ್ಟೆ ಹಿಡಿದುಕೊಂಡೆ. ನನ್ನ ಇನ್ನೊಂದು ಕೈಯಲ್ಲಿ ಸೀರೆಗಳಿದ್ದ ಬ್ಯಾಗು. "ಬ್ಯಾಗು ಯಾಕೆ?" ಅಂದರು.

"ಬೀಜ ತರೋಣ ಅಂತ" ಅಂದೆ.

ಮಾರ್ಚ್ 20, ಗುರುವಾರ

ಹಿತ್ತಿಲಿಗೆ ಹೋಗಿಲ್ಲ. ಮೈಯೆಲ್ಲ ಬಡಿದು ಹಾಕಿದ ಹಾಗಿದೆ. ಎಲೆ ಬೀಳಲಿ.

ಮಾರ್ಚ್ 24, ಸೋಮವಾರ

ಇಲ್ಲಿನ ಡಾಕ್ಟರಿಗೂ ತೋರಿಸಿದೆವು. ಕೈ ಸುಧಾರಿಸುತ್ತಿದೆ, ವ್ಯಾಯಾಮ ಬಿಡಬೇಡಿ, ಮಾತ್ರೆ ತಪ್ಪಿಸಬೇಡಿ ಅಂದರು. "ವಿಟಮಿನ್" ಈಗ ನನ್ನ ಸುಪರ್ದಿಯಲ್ಲಿದೆ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಿ ಅನ್ನುತ್ತೇನೆ. ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳಿದರೆ ಯಾರಿಗೆ ಗೊತ್ತು? ಇಷ್ಟು ದಿನ ಮುಚ್ಚಿಟ್ಟವರು ಏನು ಬೇಕಾದರೂ ಮಾಡಿಯಾರು. ಬಿ.ಪಿ. ಜಾಸ್ತಿಯಿದೆ ಎಂದು ಡಾಕ್ಟರು ಅಂದಾಗ, ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ ಎಂದು ಅಲ್ಲೇ ಕೇಳಿದೆ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಇವತ್ತು ಅನ್ನ ಕಲಸಿ ತುತ್ತು ಮಾಡಿ ಇವರ ತಟ್ಟೆಯಲ್ಲಿಟ್ಟೆ. ಚಮಚ ಬಿಟ್ಟು, ನಿಧಾನಕ್ಕೆ ಬೆರಳಲ್ಲೇ ಎತ್ತಿಕೊಂಡರು. ಅರ್ಧ ಬಿತ್ತು, ಅರ್ಧ ಬಾಯಿಗೆ ಹೋಯಿತು. ನಾನು ಬೇರೆ ಕಡೆ ನೋಡುತ್ತ ಉಂಡೆ.

ಸಂಜೆ ತಡೆಯಲಾರದೆ ಹಿತ್ತಿಲಿಗೆ ಹೋದೆ. ಇಷ್ಟು ದಿನದ ಎಲೆ ಕಾಲು ಹೂಳುವಷ್ಟು ಬಿದ್ದಿತ್ತು. ಅಲಸಂದೆ ಬಾಡಿತ್ತು. ಕತ್ತಲಾಗುವವರೆಗೂ ನೀರು ಹೊತ್ತೆ. ಸುಸ್ತು ಅದೇ ಸುಸ್ತು.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ. ರಶ್ಮಿ, ಅಳಿಯ ಬಂದಿದ್ದರು. ವಿಷಯ ತಿಳಿದು ರಶ್ಮಿ ಅತ್ತಳು. ಅಪ್ಪನ ಕೈ ಹಿಡಿದುಕೊಂಡೇ ಕೂತಿದ್ದಳು. ಇವರಿಗೆ ಅದೇ ಬೇಕಿರಲಿಲ್ಲ ಅಂತ ಕಾಣುತ್ತದೆ, ಮುಖ ಸಪ್ಪಗಾಯಿತು. "ಅಳ್ಬೇಡ ಮಾರಾಯ್ತಿ, ನಾನಿನ್ನೂ ಬದುಕಿದೀನಿ" ಅಂದರು.

ನಾಳೆ ಭದ್ರಾವತಿಗೆ ನಾನೂ ಹೋಗುತ್ತೇನೆ. ಇವರು ಬೇಡ ಅಂದರು. ಯಾಕೆ ಬೇಡ? ಹೋಗಿಯೇ ನೋಡುತ್ತೇನೆ. ಶೇಷಮ್ಮನ ಅಂಗಳದಲ್ಲಿ ಒಂದು ಕೇಸರಿ ಬಣ್ಣದ ದಾಸವಾಳವಿತ್ತು, ಅದರ ಕಡ್ಡಿಯನ್ನೂ ಕೇಳಬೇಕು.

ಏಪ್ರಿಲ್ 4, ಶುಕ್ರವಾರ

ನಾವು ಭದ್ರಾವತಿಯಿಂದ ಬಂದ ಮೇಲೆ ಸಂಧ್ಯಾ ಗೇಟಿನವರೆಗೆ ಬಂದಳು. ಅಂಕಲ್ ಹೇಗಿದಾರೆ ಅಂದಳು. ಆಮೇಲೆ ಮಲ್ಲಿಗೆಯ ಕಡ್ಡಿ ಬೇಕು, ತಮ್ಮ ಮನೆಯದು ಹೂವೇ ಬಿಡುವುದಿಲ್ಲ ಅಂದಳು. ಕಡ್ಡಿ ಕೊಟ್ಟೆ. ನೆರಳಲ್ಲಿ ಇಡು, ಬೇರು ಬಂತಾ ಅಂತ ದಿನಾ ಕಿತ್ತು ನೋಡಬೇಡ, ಮೊದಲ ಮೊಗ್ಗು ಚಿವುಟಿಬಿಡು ಅಂತ ಹೇಳಿ ಕಳಿಸಿದೆ. ನಿಜಕ್ಕೂ ಕಡ್ಡಿಗೆ ಬಂದಿದ್ದಳೋ, ಮನೆಯೊಳಗಿನ ಸುದ್ದಿಗೆ ಬಂದಿದ್ದಳೋ ನಂಬುವ ಹಾಗಿಲ್ಲ.

ಅವಳನ್ನು ಕಳಿಸಿ ಹಿತ್ತಿಲಿಗೆ ಬಂದರೆ ಏನು ನೋಡಲಿ! ಇವರು ಎಡಗೈಯಲ್ಲಿ ಕತ್ತರಿ ಹಿಡಿದು ಅಲಸಂದೆ ಸಾಲಿನ ನಡುವೆ ನಿಂತಿದ್ದಾರೆ. ಬಲಗೈಯಲ್ಲಿ ಬಳ್ಳಿ ಹಿಡಿಯಲು ಒದ್ದಾಡುತ್ತಿದ್ದಾರೆ. ಚಪ್ಪಲಿಯ ಕೆಳಗೆ ಎರಡು ಸಸಿ ನೆಲಕಚ್ಚಿವೆ. ತುದಿ ಚಿವುಟಲು ಹೋಗಿ ಮೊಗ್ಗಿನ ಗೊಂಚಲನ್ನೇ ಕತ್ತರಿಸಿದ್ದಾರೆ.

ನನಗೆ ಎಲ್ಲಿತ್ತೋ ಸಿಟ್ಟು. "ರೀ! ಯಾರು ನಿಮ್ಗೆ ಅಲ್ಲಿ ಕಾಲಿಡಿ ಅಂದಿದ್ದು? ಹೊರಗೆ ಬನ್ನಿ ಮೊದ್ಲು! ಕೇಳ್ದೇ ನನ್ನ ಹಿತ್ತಿಲಿಗೆ ಬರ್ಬೇಡಿ, ನನ್ನ ಗಿಡ ಮುಟ್ಬೇಡಿ!"

ಇವರು ಕಾಲೆತ್ತಿ, ಸಾಲು ದಾಟಿ, ಹುಷಾರಾಗಿ ಹೊರಗೆ ಬಂದರು. ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ನನ್ನ ಮುಖವನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಸಂಕ್ರಾಂತಿಯಿಂದ ಈಚೆಗೆ ನಕ್ಕಿರಲಿಲ್ಲ ಈ ಮನುಷ್ಯ. ಮರಕ್ಕೊರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏನಾಯ್ತು? ಯಾಕ್ ನಗ್ತೀರಾ?" ಅಂದೆ.

"ಏನಿಲ್ಲ. ನಿನ್ನ ಹಿತ್ತಿಲು, ನೀನೇ ನೋಡ್ಕೊ" ಅಂತ ಒಳಗೆ ಹೋಗಿ ಜಗಲಿಯಲ್ಲಿ ಕೂತರು. ಅಲ್ಲೂ ನಗು.

ನಗುವಂಥದ್ದು ಏನಿತ್ತು ಅದರಲ್ಲಿ? ಇನ್ನೂ ಏನೋ ಮುಚ್ಚಿಡುತ್ತಿದ್ದಾರೆ. ನಾಳೆ ಬಾಯಿ ಬಿಡಿಸಬೇಕು.